ಹೋಲಿಕೆಯನ್ನು ಕಳವೆನ್ನುವವರಿಗೆ

ಸಾಗರದಲ್ಲಿರುವ ನನ್ನ ಸೋದರತ್ತೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಅವರ ಮನೆಯ ಕಂಪ್ಯೂಟರಿಗೆ ಹತ್ತು ವರ್ಷ ದಾಟಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದು ಕೇಳುವ ಟಿಪಿಎಂ 2.0 ಆಗಲಿ, ಹೊಸ ಪೀಳಿಗೆಯ ಪ್ರೊಸೆಸರ್ ಆಗಲಿ ಆ ಯಂತ್ರದಲ್ಲಿಲ್ಲ. ದೀಪಾವಳಿಗೆ ಹೋದಾಗ ಅದರಲ್ಲಿ ಲಿನಕ್ಸ್ ಮಿಂಟ್ ಎಂಬ ಬೇರೆ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಟ್ಟೆ. ಅತ್ತೆ ಕುಳಿತರು, ಕನ್ನಡಕ ಸರಿಮಾಡಿಕೊಂಡರು, ಮೌಸನ್ನು ಪರದೆಯ ಕೆಳಗಿನ ಎಡಮೂಲೆಗೆ ಒಯ್ದು ಒತ್ತಿದರು. ಮೆನು ತೆರೆದುಕೊಂಡಿತು. ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಬರೆಯುತ್ತಿದ್ದ ಪತ್ರವೊಂದು ಅರ್ಧಕ್ಕೆ ನಿಂತಿತ್ತು. ಅದನ್ನು ಹುಡುಕಿ ಮುಂದುವರಿಸಿದರು. "ಏನೋ, ಎಲ್ಲಾ ಮೊದಲಿನ ಹಾಗೇ ಇದೆಯಲ್ಲ, ನೀನು ಬದಲಾಯಿಸಿದ್ದೇನು?" ಎಂದು ಕೇಳಿದರು.

ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಅವರ ಫೋನ್ ಬಂತು. ಪ್ರಿಂಟರಿನ ಕೇಬಲ್ ತರಲು ಹೋದ ಅಂಗಡಿಯಲ್ಲಿ ಹೊಸ ವ್ಯವಸ್ಥೆಯ ಮಾತು ಬಂದಿದೆ. "ಮೇಡಂ, ಅದು ವಿಂಡೋಸಿನ ನಕಲು. ಅಂಥದ್ದನ್ನು ಇಟ್ಟುಕೊಂಡರೆ ನಾಳೆ ಕೇಸಾಗುತ್ತೆ, ತೆಗೆಸಿಬಿಡಿ" ಎಂದು ಅಂಗಡಿಯವನು ಹೇಳಿದ್ದಾನೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದ ಅತ್ತೆ ತಗ್ಗಿದ ದನಿಯಲ್ಲಿ ಕೇಳಿದರು: "ಕದ್ದ ಮಾಲನ್ನು ಮನೆಯಲ್ಲಿಟ್ಟುಕೊಂಡ ಹಾಗಾಯಿತೇನೋ?"

ಆ ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಆಡಿದ್ದು ಅವನ ಸ್ವಂತ ಮಾತಲ್ಲ. ನಮ್ಮ ಕಚೇರಿಗಳಲ್ಲಿ, ಕಾಲೇಜುಗಳ ಗಣಕ ವಿಭಾಗಗಳಲ್ಲಿ, ಕಾನೂನು ಬಲ್ಲವರ ಮಾತುಕತೆಯಲ್ಲಿ ಬೇರುಬಿಟ್ಟಿರುವ ಒಂದು ನಂಬಿಕೆ ಅವನ ಬಾಯಲ್ಲಿ ಬಂತು, ಅಷ್ಟೆ. ಒಂದು ತಂತ್ರಾಂಶ ಇನ್ನೊಂದರ ಹಾಗೆ ಕಂಡರೆ, ಇನ್ನೊಂದರ ಹಾಗೆ ನಡೆದುಕೊಂಡರೆ ಅದು ಕಳವು. ಮೊದಲು ಮಾಡಿದವನು ಕೋರ್ಟಿಗೆ ಹೋದರೆ ನ್ಯಾಯ ಅವನದೇ. ಇದೇ ಆ ನಂಬಿಕೆ. ಇದು ಸುಳ್ಳು ಮಾತ್ರವಲ್ಲ, ಹೊಸದಾಗಿ ಕಂಪ್ಯೂಟರ್ ಕಲಿಯುವ ಬಡವನಿಗೆ, ವಯಸ್ಸಾದವರಿಗೆ, ಸರ್ಕಾರಿ ಶಾಲೆಯ ಮಗುವಿಗೆ ನೇರವಾಗಿ ಕೇಡು ಮಾಡುವ ಸುಳ್ಳು. ಯಾರೂ ಪ್ರಶ್ನಿಸದೆ ಬಿಟ್ಟಿರುವುದರಿಂದಲೇ ಇದು ಇಷ್ಟು ಗಟ್ಟಿಯಾಗಿದೆ.

ಈ ನಂಬಿಕೆಗೆ ಸಾಕ್ಷಿಯಾಗಿ ಲಿಂಡೋಸ್ ಪ್ರಕರಣವನ್ನು ಮುಂದಿಡುವವರಿದ್ದಾರೆ. "ನೋಡಿ, ಒಬ್ಬ ನಕಲು ಮಾಡಲು ಹೋಗಿ ಹೆಸರನ್ನೇ ಕಳೆದುಕೊಂಡ" ಎನ್ನುತ್ತಾರೆ. ಆ ಪ್ರಕರಣದಲ್ಲಿ ನಿಜವಾಗಿ ಆದದ್ದೇನು?

ಎಂಪಿ3.ಕಾಮ್ ಸ್ಥಾಪಿಸಿದ್ದ ಮೈಕೆಲ್ ರಾಬರ್ಟ್‌ಸನ್ 2001ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಲಿಂಡೋಸ್ ಎಂಬ ಕಂಪನಿ ಕಟ್ಟಿದರು. ಲಿನಕ್ಸ್ ಆಗ ಕಲಿತವರ ಕೈಯ ಸಾಧನ. ಡ್ರೈವರ್ ಹಾಕಬೇಕೆಂದರೆ ಕಪ್ಪು ಪರದೆಯ ಮೇಲೆ ಆದೇಶಗಳನ್ನು ಟೈಪಿಸಬೇಕು. ಒಂದು ತಂತ್ರಾಂಶ ಬೇಕೆಂದರೆ ಅದಕ್ಕೆ ಬೇಕಾದ ಇನ್ನೈದನ್ನು ಹುಡುಕಿ ಹೊಂದಿಸಬೇಕು. ರಾಬರ್ಟ್‌ಸನ್ ಹೊರಟದ್ದು ಡೆಬಿಯನ್ ಲಿನಕ್ಸಿನ ಮೇಲೆ ಸಾಮಾನ್ಯರಿಗಾಗಿ ಒಂದು ಡೆಸ್ಕ್‌ಟಾಪ್ ಕಟ್ಟುವುದಕ್ಕೆ. ವಿಂಡೋಸಿನಲ್ಲಿ ಕೈ ಪಳಗಿದವರು ಬಂದು ಕುಳಿತರೆ ದಿಕ್ಕು ತಪ್ಪಬಾರದು. ಬೇಕಾದ ತಂತ್ರಾಂಶ ಒಂದೇ ಕ್ಲಿಕ್ಕಿಗೆ ಇಳಿಯಬೇಕು. ಅದಕ್ಕೆ 'ಕ್ಲಿಕ್ ಅಂಡ್ ರನ್' ಎಂಬ ಸೇವೆ ಇತ್ತು. ಇವತ್ತು ಪ್ರತಿಯೊಂದು ಫೋನಿನಲ್ಲಿರುವ ಆ್ಯಪ್ ಅಂಗಡಿಗಳು ನಡೆಯುವುದು ಹೆಚ್ಚುಕಡಿಮೆ ಅದೇ ಬಗೆಯಲ್ಲಿ. 2002ರಲ್ಲಿ ವಾಲ್‌ಮಾರ್ಟ್ ಲಿಂಡೋಸ್ ಹಾಕಿದ ಕಂಪ್ಯೂಟರನ್ನು 199 ಡಾಲರಿಗೆ ಮಾರತೊಡಗಿತು. ಅಮೆರಿಕದ ಅಂಗಡಿಯಲ್ಲಿ ಆಗ ವಿಂಡೋಸ್ ಎಕ್ಸ್‌ಪಿ ಹೋಮ್‌ನ ಪೂರ್ಣ ಪ್ರತಿಗೇ 199 ಡಾಲರ್. ಒಂದು ಡಬ್ಬದ ಬೆಲೆಗೆ ಇಡೀ ಯಂತ್ರವೇ ಸಿಗುತ್ತಿತ್ತು ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

2001ರ ಡಿಸೆಂಬರಿನಲ್ಲಿ, ಲಿಂಡೋಸ್ ಮಾರುಕಟ್ಟೆಗೆ ಸರಿಯಾಗಿ ಕಾಲಿಡುವುದಕ್ಕೂ ಮೊದಲೇ, ಮೈಕ್ರೋಸಾಫ್ಟ್ ಸಿಯಾಟಲ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಲಿಂಡೋಸ್ ಎಂಬ ಹೆಸರು ವಿಂಡೋಸ್ ಎಂಬ ತನ್ನ ಟ್ರೇಡ್‌ಮಾರ್ಕನ್ನು ಹೋಲುತ್ತದೆ, ಗ್ರಾಹಕರಿಗೆ ಗೊಂದಲವಾಗುತ್ತದೆ ಎಂಬುದು ದೂರು. ಹೆಸರು ಆರಿಸಿದವರಿಗೆ ಆ ಹೋಲಿಕೆ ಗೊತ್ತಿರಲಿಲ್ಲವೆಂದು ನಾನು ಹೇಳುವುದಿಲ್ಲ. ಚೆನ್ನಾಗಿಯೇ ಗೊತ್ತಿತ್ತು. ಆದರೆ ನ್ಯಾಯಾಧೀಶ ಜಾನ್ ಕಫ್‌ನಾವರ್ 2002ರ ಮಾರ್ಚಿನಲ್ಲಿ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ಅಷ್ಟೇ ಅಲ್ಲ, ವಿಂಡೋಸ್ ಎಂಬ ಪದದ ಮೇಲೆ ಮೈಕ್ರೋಸಾಫ್ಟಿಗೆ ಇರುವ ಹಕ್ಕೇ ಪ್ರಶ್ನಾರ್ಹ ಎಂದರು. ಪರದೆಯ ಮೇಲಿನ ಚೌಕಗಳನ್ನು ವಿಂಡೋ ಎಂದು ಕರೆಯುವುದು ಆ ಕಂಪನಿ ಹುಟ್ಟಿಸಿದ ರೂಢಿಯಲ್ಲ. 1985ರ ನವೆಂಬರಿನಲ್ಲಿ ವಿಂಡೋಸ್ 1.0 ಬರುವುದಕ್ಕೆ ಎಷ್ಟೋ ಮೊದಲು ಕಂಪ್ಯೂಟರ್ ಕಸುಬಿನವರೆಲ್ಲ ಆಡುತ್ತಿದ್ದ ಪದ ಅದು. ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಯೂ 1993ರಲ್ಲಿ ಆ ಪದವನ್ನು ನೋಂದಾಯಿಸಲು ಒಪ್ಪದೆ, ಮೈಕ್ರೋಸಾಫ್ಟ್ ಪಟ್ಟು ಬಿಡದ ಮೇಲೆ 1995ರಲ್ಲಿ ಕೊಟ್ಟಿತ್ತು.

2004ರ ಫೆಬ್ರವರಿಯಲ್ಲಿ ಅದೇ ನ್ಯಾಯಾಧೀಶರು ಇನ್ನೊಂದು ಮುಖ್ಯ ಮಾತು ಹೇಳಿದರು. ವಿಂಡೋಸ್ ಸಾಮಾನ್ಯ ಪದವೇ ಅಲ್ಲವೇ ಎಂಬುದನ್ನು ಜ್ಯೂರಿ ಆ ಉತ್ಪನ್ನ ಹೊರಬರುವ ಮುಂಚಿನ ಕಾಲಕ್ಕೆ ಹೋಗಿ ಅಳೆಯಬೇಕು. ನಂತರದ ಜಾಹೀರಾತುಗಳಿಂದ ಬಂದ ಖ್ಯಾತಿಯನ್ನು ನೋಡಬಾರದು. ಅಂದರೆ ಎಲ್ಲರ ಬಾಯಲ್ಲಿದ್ದ ಪದವನ್ನು ಹಣ ಸುರಿದು ತನ್ನದಾಗಿಸಿಕೊಳ್ಳಲು ಸಾಧ್ಯವಿಲ್ಲ. ಮೈಕ್ರೋಸಾಫ್ಟ್ ಇದರ ವಿರುದ್ಧ ಮೇಲಿನ ಕೋರ್ಟಿಗೆ ಹೋಯಿತು. ಅಲ್ಲಿ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಸ್ವದೇಶದಲ್ಲಿ ದಾರಿ ಮುಚ್ಚುತ್ತಿದ್ದಾಗ ಕಂಪನಿ ಬೇರೆ ದೇಶಗಳ ಕೋರ್ಟುಗಳ ಬಾಗಿಲು ತಟ್ಟಿತು. ಸ್ವೀಡನ್, ಫಿನ್ಲೆಂಡ್, ನೆದರ್ಲೆಂಡ್ಸ್, ಫ್ರಾನ್ಸ್, ಕೆನಡಾ. ಆಮ್‌ಸ್ಟರ್‌ಡ್ಯಾಮ್‌ನ ನ್ಯಾಯಾಲಯ 2004ರ ಜನವರಿಯಲ್ಲಿ ಬೆನೆಲಕ್ಸ್ ದೇಶಗಳಲ್ಲಿ ಲಿಂಡೋಸ್ ಹೆಸರಿನ ಮಾರಾಟವನ್ನು ತಡೆಯಿತು. ದಿನಕ್ಕೆ 1 ಲಕ್ಷ ಯೂರೋ ದಂಡ ಹಾಕಿಸಬೇಕೆಂದು ಮೈಕ್ರೋಸಾಫ್ಟ್ ಕೇಳಿತು. ಒಂದೊಂದು ದೇಶಕ್ಕೂ ಒಬ್ಬೊಬ್ಬ ವಕೀಲನನ್ನು ಹಿಡಿಯಲು ಸಣ್ಣ ಕಂಪನಿಗೆ ಎಲ್ಲಿಂದ ಸಾಧ್ಯ? ಏಪ್ರಿಲ್‌ನಲ್ಲಿ ಲಿಂಡೋಸ್ ತನ್ನ ಹೆಸರನ್ನು ಲಿನ್‌ಸ್ಪೈರ್ ಎಂದು ಬದಲಾಯಿಸಿಕೊಂಡಿತು. ಜುಲೈನಲ್ಲಿ ರಾಜಿಯಾಯಿತು.

ರಾಜಿಯ ಕರಾರೇನು? ಲಿಂಡೋಸ್ ಹೆಸರನ್ನು ಬಿಟ್ಟುಕೊಡುವುದಕ್ಕೆ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಟ್ಟಿತು. ಗಮನಿಸಿ, ದಾವೆ ಹೂಡಿದವರೇ ಪ್ರತಿವಾದಿಗೆ ಹಣ ಕೊಟ್ಟರು. ಕಳ್ಳನೆಂದು ಕರೆದವನಿಗೆ ಮಾಲಿನ ಒಡೆಯ 2 ಕೋಟಿ ಡಾಲರ್ ಎಣಿಸಿಕೊಡುವುದನ್ನು ಯಾವ ಊರಿನಲ್ಲಿ ಕಂಡಿದ್ದೀರಿ? ಜ್ಯೂರಿಯ ಮುಂದೆ ಹೋದರೆ ವಿಂಡೋಸ್ ಎಂಬ ಹೆಸರೇ ಕೈತಪ್ಪೀತೆಂಬ ಭಯವಿಲ್ಲದೆ ಯಾರಾದರೂ ಹೀಗೆ ಮಾಡುತ್ತಾರೆಯೇ? ಈ ಪ್ರಕರಣವನ್ನು ನಕಲು ಮಾಡಿದವನ ಸೋಲೆಂದು ಹೇಳುವವರು ಕಥೆಯ ಕೊನೆಯನ್ನು ಓದಿಲ್ಲ, ಅಥವಾ ಓದಿಯೂ ಬಚ್ಚಿಟ್ಟಿದ್ದಾರೆ.

ಅಲ್ಲಿ ತಕರಾರಿದ್ದದ್ದು ಹೆಸರಿನದು, ಪರದೆಯ ಹೋಲಿಕೆಯದಲ್ಲ ಎಂಬ ಆಕ್ಷೇಪ ಬರುತ್ತದೆ. ಸರಿ, ಪರದೆಯ ಹೋಲಿಕೆಗೇ ಬರೋಣ. ಆ ಜಗಳದಲ್ಲಿ ಕಟಕಟೆಯಲ್ಲಿ ನಿಂತದ್ದು ಇದೇ ಮೈಕ್ರೋಸಾಫ್ಟ್.

ಪರದೆಯ ಮೇಲೆ ಚೌಕಗಳು, ಚಿತ್ರಗಳು, ಮೌಸಿನಿಂದ ಮುಟ್ಟಿ ನಡೆಸುವ ಮೆನು, ಇವೆಲ್ಲ ಬೆಳೆದದ್ದು ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಪ್ರಯೋಗಾಲಯದಲ್ಲಿ. ಮೌಸನ್ನು ಅದಕ್ಕೂ ಮೊದಲು, 1968ರಲ್ಲಿ, ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನರೆದುರು ತೋರಿಸಿದ್ದರು. 1979ರ ಕೊನೆಗೆ ಆ್ಯಪಲ್‌ನವರು ಜೆರಾಕ್ಸಿಗೆ ಹೋಗಿ ನೋಡಿ ಬಂದರು. 1984ರಲ್ಲಿ ಮ್ಯಾಕಿಂಟಾಷ್ ಬಂತು. ಅದರ ಬೆನ್ನಿಗೆ ಡಿಜಿಟಲ್ ರಿಸರ್ಚ್ ಎಂಬ ಕಂಪನಿ ಅಗ್ಗದ ಪಿಸಿಗಳಿಗಾಗಿ ಜೆಮ್ ಎಂಬ ಡೆಸ್ಕ್‌ಟಾಪ್ ತಂದಿತು. ಆ್ಯಪಲ್ ಬೆದರಿಸಿತು. ಡಿಜಿಟಲ್ ರಿಸರ್ಚ್ ಮಣಿದು ಕಸದ ಬುಟ್ಟಿಯ ಚಿತ್ರವನ್ನು ತೆಗೆಯಿತು, ಬೇಕಾದಲ್ಲಿಗೆ ಎಳೆದು ಹಿಗ್ಗಿಸಬಹುದಾಗಿದ್ದ ಚೌಕಗಳನ್ನು ಅಲುಗಾಡದ ಎರಡು ಚೌಕಗಳಿಗೆ ಇಳಿಸಿತು. ಕಡತ ಅಳಿಸಲು ಒಂದು ಬುಟ್ಟಿ ಇಟ್ಟರೆ ಅದು ಕಳವು! ಅಂಕುಶ ಬಿದ್ದದ್ದು ಕಂಪನಿಗೆ, ನೋವಾದದ್ದು ದುಬಾರಿ ಮ್ಯಾಕಿಂಟಾಷ್ ಕೊಳ್ಳಲಾಗದೆ ಜೆಮ್ ಕೊಂಡ ಜನರಿಗೆ.

1988ರ ಮಾರ್ಚಿನಲ್ಲಿ ಆ್ಯಪಲ್ ಮೈಕ್ರೋಸಾಫ್ಟಿನ ಮೇಲೂ ದಾವೆ ಹೂಡಿತು. ವಿಂಡೋಸ್ ನಮ್ಮ ಮ್ಯಾಕಿಂಟಾಷಿನ ಹಾಗೆ ಕಾಣುತ್ತದೆ, ಹೋಲಿಕೆಗಳು 189 ಇವೆ ಎಂದು ಪಟ್ಟಿ ಕೊಟ್ಟಿತು. ಅವುಗಳಲ್ಲಿ 179 ಅಂಶಗಳಿಗೆ 1985ರ ಒಪ್ಪಂದದಲ್ಲೇ ಆ್ಯಪಲ್ ಅನುಮತಿ ಕೊಟ್ಟಿತ್ತೆಂದು ಕೋರ್ಟ್ ಕಂಡುಕೊಂಡಿತು. ಉಳಿದವುಗಳಲ್ಲಿ ಹೆಚ್ಚಿನವು ಯಾರೊಬ್ಬರ ಸ್ವತ್ತೂ ಆಗಲಾರದ ಕಲ್ಪನೆಗಳು, ಅಥವಾ ಬೇರೆ ದಾರಿಯಿಲ್ಲದೆ ಎಲ್ಲರೂ ಬಳಸಲೇಬೇಕಾದ ರೂಪಗಳು. 1994ರಲ್ಲಿ ಮೇಲ್ಮನವಿಯಲ್ಲೂ ಆ್ಯಪಲ್ ಸೋತಿತು. ಈ ನಡುವೆ ಜೆರಾಕ್ಸ್ ಆ್ಯಪಲ್ ಮೇಲೆ ದಾವೆ ಹೂಡಿ ಬರಿಗೈಯಲ್ಲಿ ಮರಳಿತ್ತು. ಜೆರಾಕ್ಸಿನದನ್ನು ನೋಡಿ ಆ್ಯಪಲ್, ಆ್ಯಪಲ್‌ನದನ್ನು ನೋಡಿ ಮೈಕ್ರೋಸಾಫ್ಟ್ ಕಟ್ಟಿದವು. ಇಬ್ಬರೂ ಬೆಳೆದು ಬೆಟ್ಟವಾದರು. ಮೈಕ್ರೋಸಾಫ್ಟನ್ನು ನೋಡಿ ಲಿನಕ್ಸ್ ಕಟ್ಟಿದರೆ ಮಾತ್ರ ಅದು ಪಾಪವೇ? ತಾನು ಹತ್ತಿ ಬಂದ ಏಣಿಯನ್ನು ಮೇಲೆಳೆದುಕೊಂಡು ಕೆಳಗಿದ್ದವರನ್ನು ಕಳ್ಳರೆನ್ನುವುದಕ್ಕೆ ಯಾವ ನೈತಿಕ ಹಕ್ಕಿದೆ?

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ಅದನ್ನು ನನಗಿಂತ ಚೆನ್ನಾಗಿ ಒಬ್ಬ ಅಮೆರಿಕನ್ ನ್ಯಾಯಾಧೀಶರು 1995ರಲ್ಲೇ ಹೇಳಿದ್ದಾರೆ.

ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ 1983ರಲ್ಲಿ ಬಂದು ಲೆಕ್ಕ ಬರೆಯುವವರ ಜಗತ್ತನ್ನೇ ಆಳಿತು. ಅದೇನೂ ಶೂನ್ಯದಿಂದ ಹುಟ್ಟಿದ್ದಲ್ಲ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರ್ಯಾಂಕ್‌ಸ್ಟನ್ ಮಾಡಿದ ವಿಸಿಕ್ಯಾಲ್ಕ್ ಅದಕ್ಕೆ ದಾರಿ ತೋರಿತ್ತು. ಕಚೇರಿಗಳ ಗುಮಾಸ್ತರು ಲೋಟಸ್‌ನ ಮೆನುಗಳನ್ನು ಬಾಯಿಪಾಠ ಮಾಡಿಕೊಂಡರು, ತಮ್ಮ ಕೆಲಸಕ್ಕೆ ಬೇಕಾದ ಮ್ಯಾಕ್ರೋಗಳನ್ನು ವರ್ಷಗಟ್ಟಲೆ ಕೂತು ಬರೆದುಕೊಂಡರು. ಆಮೇಲೆ ಬೊರ್ಲ್ಯಾಂಡ್ ಕಂಪನಿ ಕ್ವಾಟ್ರೋ ಪ್ರೊ ತಂದಿತು. ಲೋಟಸ್ ಬಿಟ್ಟು ಬರುವವರಿಗೆ ಕಷ್ಟವಾಗದಿರಲೆಂದು ಲೋಟಸ್‌ನ 469 ಆದೇಶಗಳ ಮೆನುವನ್ನು ಅದೇ ಕ್ರಮದಲ್ಲಿ, ಅದೇ ಹೆಸರುಗಳಲ್ಲಿ ಒದಗಿಸಿತು. ಒಳಗಿನ ಒಂದು ಸಾಲು ಕೋಡನ್ನೂ ಲೋಟಸ್‌ನಿಂದ ತೆಗೆದುಕೊಂಡಿರಲಿಲ್ಲ. 1990ರಲ್ಲಿ ಲೋಟಸ್ ದಾವೆ ಹಾಕಿತು, ಕೆಳಗಿನ ಕೋರ್ಟಿನಲ್ಲಿ ಗೆದ್ದಿತು.

1995ರಲ್ಲಿ ಬಾಸ್ಟನ್‌ನ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಮೆನು ಎಂದರೆ ಯಂತ್ರವನ್ನು ನಡೆಸುವ ವಿಧಾನ, ವಿಸಿಆರ್‌ನ ಗುಂಡಿಗಳಿದ್ದ ಹಾಗೆ. ನಡೆಸುವ ವಿಧಾನಕ್ಕೆ ಕಾಪಿರೈಟ್ ಇಲ್ಲ ಎಂದಿತು. ಜೊತೆಗೆ ನ್ಯಾಯಾಧೀಶ ಮೈಕೆಲ್ ಬೌಡಿನ್ ಪ್ರತ್ಯೇಕವಾಗಿ ಬರೆದ ಅಭಿಪ್ರಾಯವೊಂದಿದೆ. ಟೈಪ್‌ರೈಟರಿನ ಕೀಲಿಮಣೆಯನ್ನು ಅವರು ನೆನಪಿಸಿಕೊಂಡರು. ಲೋಟಸ್‌ನ ಮೆನುವನ್ನು ಕಲಿಯಲು ಹಾಕಿದ ಶ್ರಮ ಬಳಸುವ ಜನರದು, ಲೋಟಸ್ ಕಂಪನಿಯದಲ್ಲ. ತಾವೇ ಪಟ್ಟ ಶ್ರಮದ ಕಾರಣಕ್ಕೆ ಆ ಜನ ಆ ಕಂಪನಿಯ ಸೆರೆಯಾಳುಗಳಾಗಿ ಉಳಿಯಬೇಕು ಎನ್ನುವುದಕ್ಕೆ ತಮಗೆ ಕಾರಣ ಕಾಣುತ್ತಿಲ್ಲ ಎಂಬುದು ಅವರ ಮಾತಿನ ಸಾರ.

ಇದನ್ನೇ ನಾನು ಎಲ್ಲರ ಕಿವಿಗೂ ಬೀಳುವಂತೆ ಹೇಳಬೇಕೆಂದಿದ್ದೇನೆ. ನನ್ನ ಅತ್ತೆ ಐವತ್ತನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತರು. ಮೌಸ್ ಹಿಡಿದರೆ ಕೈ ನಡುಗುತ್ತಿತ್ತು. ನೋಟ್‌ಪುಸ್ತಕದಲ್ಲಿ 'ಎಡಮೂಲೆ ಒತ್ತು, ಮೇಲೆ ಹೋಗು, ಬಲಕ್ಕೆ ಬಾ' ಎಂದು ಬರೆದುಕೊಂಡು, ಅದನ್ನು ನೋಡಿ ನೋಡಿ ಒತ್ತುತ್ತಿದ್ದರು. ಮೂಲೆ ಎಲ್ಲಿದೆ ಎಂದು ಕೈಗೆ ತಾನಾಗಿ ಗೊತ್ತಾಗುವುದಕ್ಕೆ ತಿಂಗಳುಗಳೇ ಬೇಕಾದವು. ಆ ನೋಟ್‌ಪುಸ್ತಕದ ದುಡಿಮೆ ಯಾರದು? ಅದಕ್ಕೆ ಯಾವ ಕಂಪನಿ ಕೂಲಿ ಕೊಟ್ಟಿದೆ? ನಮ್ಮ ತಾಲ್ಲೂಕು ಕಚೇರಿಗಳ ಗುಮಾಸ್ತರು, ಡಿಟಿಪಿ ಅಂಗಡಿಗಳ ಹುಡುಗಿಯರು, ಸೊಸೈಟಿಗಳ ಲೆಕ್ಕಿಗರು ಹೀಗೆ ಕಲಿತ ಕೈಚಳಕವನ್ನೆಲ್ಲ ಒಂದು ಕಂಪನಿಯ ಆಸ್ತಿಪಟ್ಟಿಗೆ ಸೇರಿಸಿಬಿಡುವ ವಾದವೇ ಈ ಹೋಲಿಕೆ-ಕಳವು ಎಂಬ ವಾದ. ಕೆಳಗೊಂದು ಪಟ್ಟಿ, ಎಡಕ್ಕೊಂದು ಮೆನು, ಮೇಲಿನ ಮೂಲೆಯಲ್ಲಿ ಮುಚ್ಚುವ ಗುರುತು. ಇವು ಈಗ ಬಾಗಿಲಿನ ಚಿಲಕದ ಹಾಗೆ, ಸೈಕಲ್ಲಿನ ಬ್ರೇಕಿನ ಹಾಗೆ. ಸೈಕಲ್ ಕಂಪನಿ ಬದಲಾದರೆ ಬ್ರೇಕನ್ನು ಸೀಟಿನ ಕೆಳಗೆ ಹುಡುಕಬೇಕೆಂದು ಯಾರಾದರೂ ಹೇಳಿಯಾರೇ?

ಗೆದ್ದರೂ ಬೊರ್ಲ್ಯಾಂಡಿಗೆ ದಕ್ಕಿದ್ದೇನೂ ಇಲ್ಲ. 1996ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನಾಲ್ಕು-ನಾಲ್ಕು ಸಮವಾಗಿ ಆ ತೀರ್ಪೇ ನಿಂತಿತು. ಅಷ್ಟರಲ್ಲಿ ಬೊರ್ಲ್ಯಾಂಡ್ ಕ್ವಾಟ್ರೋ ಪ್ರೊವನ್ನು ನೋವೆಲ್‌ಗೆ ಮಾರಿ ಎರಡು ವರ್ಷವಾಗಿತ್ತು. ಇಂಥ ದಾವೆಗಳ ಕೆಲಸವೇ ಇದು. ಗೆಲ್ಲಬೇಕೆಂದಿಲ್ಲ, ಎಳೆದರೆ ಸಾಕು.

ಕೆಲವೊಮ್ಮೆ ಎಳೆಯುವುದೂ ಬೇಕಿಲ್ಲ, ಹೆದರಿಸಿದರೆ ಸಾಕು. 2007ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟಿನ ಕಾನೂನು ಮುಖ್ಯಸ್ಥರು ಫಾರ್ಚೂನ್ ಪತ್ರಿಕೆಗೆ ಒಂದು ಲೆಕ್ಕ ಕೊಟ್ಟರು: ಲಿನಕ್ಸ್ ಮತ್ತು ಮುಕ್ತ ತಂತ್ರಾಂಶಗಳು ತಮ್ಮ 235 ಪೇಟೆಂಟುಗಳನ್ನು ಉಲ್ಲಂಘಿಸುತ್ತವೆ, ಅದರಲ್ಲಿ 65 ಪರದೆಯ ಮೇಲಿನ ಮೆನು, ಪಟ್ಟಿಗಳ ವಿನ್ಯಾಸಕ್ಕೆ ಸೇರಿದವು. ಯಾವ 235? ಯಾವ 65? ಪಟ್ಟಿಯನ್ನು ಹೊರಗಿಡಲಿಲ್ಲ. ಊರಿನ ಮಧ್ಯೆ ನಿಂತು "ನಿಮ್ಮಲ್ಲಿ 235 ಕಳ್ಳರಿದ್ದೀರಿ, ಹೆಸರು ಹೇಳುವುದಿಲ್ಲ" ಎಂದರೆ ಅದನ್ನು ದೂರು ಎನ್ನುತ್ತಾರೋ, ಬೆದರಿಕೆ ಎನ್ನುತ್ತಾರೋ? ಹೆಸರಿಲ್ಲದ ಆರೋಪಕ್ಕೆ ಉತ್ತರ ಕೊಡುವುದು ಹೇಗೆ? ಆದರೂ ಕೆಲಸ ಆಯಿತು. ಅದಕ್ಕೆ ಮೊದಲೇ, 2006ರ ನವೆಂಬರಿನಲ್ಲಿ, ಆ ಹೊತ್ತಿಗೆ ಲಿನಕ್ಸ್ ಮಾರುತ್ತಿದ್ದ ನೋವೆಲ್ ಮೈಕ್ರೋಸಾಫ್ಟಿನೊಂದಿಗೆ ಪೇಟೆಂಟ್ ಒಪ್ಪಂದ ಮಾಡಿಕೊಂಡಿತ್ತು. 2007ರ ಜೂನಿನಲ್ಲಿ ಜ್ಯಾಂಡ್ರೋಸ್ ಎಂಬ ಇನ್ನೊಂದು ಲಿನಕ್ಸ್ ಕಂಪನಿ ಮಾಡಿಕೊಂಡಿತು. ಅದೇ ತಿಂಗಳು, ಹೆಸರಿಗಾಗಿ ಎರಡೂವರೆ ವರ್ಷ ಹೋರಾಡಿದ್ದ ಲಿನ್‌ಸ್ಪೈರ್ ಕೂಡ ಸಹಿ ಹಾಕಿತು. ಮರುವರ್ಷ ಜ್ಯಾಂಡ್ರೋಸ್ ಅದನ್ನು ಕೊಂಡುಕೊಂಡಿತು. ಹೊಸಬರಿಗಾಗಿ ಲಿನಕ್ಸ್ ಕಟ್ಟಲು ಹೊರಟ ಒಂದು ದೊಡ್ಡ ಪ್ರಯತ್ನ ಮುಗಿದದ್ದು ಹೀಗೆ.

2018ರ ಅಕ್ಟೋಬರಿನಲ್ಲಿ ಅದೇ ಮೈಕ್ರೋಸಾಫ್ಟ್, ಲಿನಕ್ಸನ್ನು ಪೇಟೆಂಟ್ ದಾವೆಗಳಿಂದ ಕಾಯುವ ಓಪನ್ ಇನ್ವೆನ್ಷನ್ ನೆಟ್‌ವರ್ಕ್ ಎಂಬ ಒಕ್ಕೂಟಕ್ಕೆ ತನ್ನ 60,000ದಷ್ಟು ಪೇಟೆಂಟುಗಳೊಂದಿಗೆ ಸೇರಿತು. ಆರೋಪ ಮಾಡಿದವರೇ ಆಯುಧ ಕೆಳಗಿಟ್ಟಿದ್ದಾರೆ. ನಮ್ಮ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಮಾತ್ರ ಆ ಭಯ ಇನ್ನೂ ಜೀವಂತವಾಗಿದೆ.

ಈ ಕೇಡಿಗೆ ಹೊರಗಿನವರನ್ನು ಮಾತ್ರ ದೂರಿದರೆ ಸಾಲದು. ಲಿನಕ್ಸ್ ಬಳಗದೊಳಗೇ ಕುಳಿತು ಅದೇ ಮಾತನ್ನು ಬೇರೆ ರೀತಿಯಲ್ಲಿ ಆಡುವವರಿದ್ದಾರೆ, ಅವರ ಮೇಲೆ ನನಗಿರುವ ಸಿಟ್ಟು ಹೆಚ್ಚಿನದು. "ವಿಂಡೋಸಿನ ಹಾಗೆ ಕಾಣುವ ಲಿನಕ್ಸ್ ನಿಜವಾದ ಲಿನಕ್ಸೇ ಅಲ್ಲ. ಕಲಿಯುವ ಮನಸ್ಸಿದ್ದವರು ಬರಲಿ, ಇಲ್ಲದವರು ಅಲ್ಲೇ ಇರಲಿ" ಎನ್ನುತ್ತಾರೆ ಇವರು. ಜೋರಿನ್, ಮಿಂಟ್ ಬಳಸುವವರನ್ನು ಕೀಳಾಗಿ ನೋಡುತ್ತಾರೆ. ಎರಡನೇ ಮಗುವಿಗೆ ಮೊದಲ ಮಗುವಿನ ಅಂಗಿ ಹಾಕಿದರೆ ಅವಮಾನವೆಂದು ಚಳಿಯಲ್ಲಿ ನಿಲ್ಲಿಸುವವರ ಹಾಗೆ ಇದು. 2011ರಲ್ಲಿ ಗ್ನೋಮ್ 3 ಎಂಬ ಲಿನಕ್ಸ್ ಡೆಸ್ಕ್‌ಟಾಪ್ ಬಂದಾಗ ಏನಾಯಿತೆಂದು ಇವರಿಗೆ ಗೊತ್ತಿದೆ. ಕೆಳಗಿನ ಪಟ್ಟಿ ಹೋಯಿತು, ಮೆನು ಹೋಯಿತು, ಜನರ ಕೈಗೆ ಗೊತ್ತಿದ್ದ ದಾರಿಯೆಲ್ಲ ಅಳಿಸಿಹೋಯಿತು. ದೂರುಗಳ ಸುರಿಮಳೆಯಾಯಿತು. ಹಳೆಯ ರೂಪವನ್ನು ಉಳಿಸಿಕೊಳ್ಳಲೆಂದೇ ಮಾಟೆ ಎಂಬ ಡೆಸ್ಕ್‌ಟಾಪ್ ಹುಟ್ಟಿತು. ಮಿಂಟ್ ತಂಡ ಸಿನಮನ್ ಎಂಬ ಡೆಸ್ಕ್‌ಟಾಪ್ ಕಟ್ಟಿತು. ನನ್ನ ಅತ್ತೆ ಇವತ್ತು ಪತ್ರ ಬರೆಯುತ್ತಿರುವುದು ಅದೇ ಸಿನಮನ್ ಮೇಲೆ. ಹೊಸತನವೇ ದೊಡ್ಡದೆಂದು ಹಟ ಹಿಡಿದವರು ಕಟ್ಟಿದ್ದಲ್ಲ ಅದು, ಹಳೆಯ ಕೈಗಳನ್ನು ಗೌರವಿಸಿದವರು ಕಟ್ಟಿದ್ದು.

ಕನ್ನಡದವರಾದ ನಮಗೆ ಇದು ಬೇಗ ಅರ್ಥವಾಗಬೇಕಿತ್ತು. ನಾನು ಈ ಲೇಖನ ಬರೆಯುತ್ತಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ. 'ಕೆ' ಒತ್ತಿದರೆ ಕ, 'ಜಿ' ಒತ್ತಿದರೆ ಗ, ಒತ್ತಕ್ಷರ ಬೇಕಾದಲ್ಲಿ ನಡುವೆ 'ಎಫ್'. ನುಡಿ ತಂತ್ರಾಂಶ ಇದನ್ನೇ ಅಳವಡಿಸಿಕೊಂಡಿತು. ರಾಜ್ಯದ ಕಚೇರಿಗಳಲ್ಲಿ ಲಕ್ಷಾಂತರ ಬೆರಳುಗಳು ಇದನ್ನೇ ಕಲಿತವು. ಲಿನಕ್ಸಿನ ಸೆಟ್ಟಿಂಗಿನಲ್ಲಿ ಕನ್ನಡ ಆರಿಸಿ ನೋಡಿ, 'ಕಗಪ' ಎಂಬ ಹೆಸರಿನಲ್ಲಿ ಅದೇ ವಿನ್ಯಾಸ ಅಲ್ಲೂ ಸಿಗುತ್ತದೆ. ಫೋನುಗಳಲ್ಲೂ ಇದೆ. ಈ ಕೀಲಿಜಾಗಗಳಿಗೆ ಬೇಲಿ ಹಾಕಿ, ಬಳಸುವ ಪ್ರತಿ ತಂತ್ರಾಂಶದವರನ್ನೂ ಕೋರ್ಟಿಗೆಳೆಯುವ ವ್ಯವಸ್ಥೆ ಇದ್ದಿದ್ದರೆ? ತಂತ್ರಾಂಶ ಬದಲಾದಾಗಲೆಲ್ಲ ಗುಮಾಸ್ತೆ ಕನ್ನಡ ಟೈಪಿಂಗನ್ನು ಮೊದಲಿನಿಂದ ಕಲಿಯಬೇಕಿತ್ತು. ಒಂದೇ ವಿನ್ಯಾಸ ಎಲ್ಲೆಡೆ ನಕಲಾದುದರಿಂದಲೇ ಕಂಪ್ಯೂಟರಿನಲ್ಲಿ ಕನ್ನಡ ಬೆಳೆಯಿತು. ಆ ನಕಲಿಗೆ ಕೈಮುಗಿಯುವ ನಾವು ಮಿಂಟ್‌ನ ಮೆನುವನ್ನು ಕಳವೆನ್ನುವುದು ಯಾವ ನ್ಯಾಯ?

ನಮ್ಮ ಕಾನೂನು ಕೂಡ ಈ ಭಯದ ಪರವಾಗಿಲ್ಲ. ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ಭಾರತದಲ್ಲಿ ಪೇಟೆಂಟ್ ಸಿಗುವುದಿಲ್ಲ. 2004ರ ಡಿಸೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ ಅದನ್ನು ಸಡಿಲಿಸುವ ಯತ್ನ ನಡೆದಿತ್ತು. 2005ರಲ್ಲಿ ಸಂಸತ್ತು ಅದನ್ನು ಉಳಿಸಿಕೊಳ್ಳಲಿಲ್ಲ. ಕಾಪಿರೈಟ್ ಕಾಯ್ದೆಯ ಸೆಕ್ಷನ್ 52, ಒಂದು ಪ್ರೋಗ್ರಾಮ್ ಹೇಗೆ ನಡೆಯುತ್ತದೆಂದು ಗಮನಿಸಿ, ಪರೀಕ್ಷಿಸಿ, ಅದರ ಹಿಂದಿನ ತತ್ವಗಳನ್ನು ತಿಳಿದುಕೊಳ್ಳುವುದು ತಪ್ಪಲ್ಲ ಎನ್ನುತ್ತದೆ. ಯುರೋಪಿನ ಅತ್ಯುನ್ನತ ನ್ಯಾಯಾಲಯವೂ 2012ರಲ್ಲಿ ಎಸ್‌ಎಎಸ್ ಪ್ರಕರಣದಲ್ಲಿ ಪ್ರೋಗ್ರಾಮೊಂದು ನಿರ್ವಹಿಸುವ ಕೆಲಸಕ್ಕೆ ಕಾಪಿರೈಟ್ ಇಲ್ಲವೆಂದಿತು. ಇನ್ನೊಬ್ಬರ ಕೋಡನ್ನು ಎತ್ತಿದರೆ, ಲಾಂಛನವನ್ನು ಅಂಟಿಸಿ ಅವರದೇ ಮಾಲೆಂದು ಮಾರಿದರೆ ಅದು ಅಪರಾಧ, ಸಂಶಯವಿಲ್ಲ. ಮಿಂಟ್ ಇದಾವುದನ್ನೂ ಮಾಡಿಲ್ಲ. ಆದರೆ ಲೈಸೆನ್ಸ್ ಇಲ್ಲದ ವಿಂಡೋಸನ್ನು ಪೆನ್‌ಡ್ರೈವಿನಿಂದ ಸುರಿದು ಐನೂರು ರೂಪಾಯಿ ಪಡೆಯುವ ಅಂಗಡಿಗಳು ನಮ್ಮ ಪ್ರತಿ ಊರಿನಲ್ಲಿವೆ. ಕಾನೂನು ಮುರಿಯುವುದು ಅಲ್ಲಿ. ಅದನ್ನು ಯಾರೂ ಕಳವೆನ್ನುವುದಿಲ್ಲ. ಕಾನೂನಿನ ಪ್ರಕಾರ ಪುಕ್ಕಟೆಯಾಗಿ ಹಂಚುವ ಲಿನಕ್ಸನ್ನು ಹಾಕಿಕೊಂಡ ನಿವೃತ್ತ ಮೇಷ್ಟ್ರಮ್ಮ ರಾತ್ರಿ ನಿದ್ದೆಗೆಡುತ್ತಾರೆ. ಇಷ್ಟು ತಲೆಕೆಳಗಾದ ನೀತಿಯನ್ನು ಇನ್ನೆಷ್ಟು ದಿನ ಸಹಿಸಬೇಕು?

ಇದು ಬದಲಾಗಬೇಕು, ಬದಲಾಯಿಸುವುದು ಸಾಧ್ಯವೂ ಇದೆ. ಪಕ್ಕದ ಕೇರಳದಲ್ಲಿ ಐಟಿ@ಸ್ಕೂಲ್ ಯೋಜನೆ, ಈಗಿನ ಕೈಟ್ ಸಂಸ್ಥೆ, ಉಬುಂಟುವನ್ನು ಶಾಲೆಗೆ ತಕ್ಕಂತೆ ತಿದ್ದಿ ಸರ್ಕಾರಿ ಶಾಲೆಗಳಲ್ಲಿ ಹಾಕಿ ವರ್ಷಗಳೇ ಆದವು. ಅಲ್ಲಿನ ಮಕ್ಕಳು ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯನ್ನು ಲಿನಕ್ಸಿನಲ್ಲೇ ಬರೆಯುತ್ತಾರೆ. ಕೇಂದ್ರ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಹೊರಡಿಸಿದೆ. ನಮ್ಮ ರಾಜ್ಯದ ಇಲಾಖೆಗಳು ಟೆಂಡರಿನಲ್ಲಿ ಒಂದು ಕಂಪನಿಯ ಹೆಸರು ಬರೆಯುವುದನ್ನು ನಿಲ್ಲಿಸಲಿ, ಆಗಬೇಕಾದ ಕೆಲಸವನ್ನು ಬರೆಯಲಿ. ವಿಂಡೋಸ್ 11 ಹತ್ತದ ಯಂತ್ರಗಳನ್ನು ಹರಾಜಿಗೆ ಹಾಕುವ ಮೊದಲು ಪಕ್ಕದ ಶಾಲೆಗೆ ಕಳಿಸಲಿ. ಪಠ್ಯಪುಸ್ತಕ ಬರೆಯುವವರು ಒಂದು ಕಂಪನಿಯ ಪರದೆಯ ಚಿತ್ರವನ್ನೇ ಕಂಪ್ಯೂಟರ್ ಶಿಕ್ಷಣ ಎಂದು ಮುದ್ರಿಸುವುದನ್ನು ಬಿಡಲಿ. ಕಾನೂನು ಕಲಿಸುವವರು ಲೋಟಸ್ ತೀರ್ಪನ್ನು, ಲಿಂಡೋಸ್ ರಾಜಿಯ 2 ಕೋಟಿಯನ್ನು ತರಗತಿಯಲ್ಲಿ ಹೇಳಲಿ. ಲಿನಕ್ಸ್ ಕಟ್ಟುವ ನಮ್ಮ ಹುಡುಗರಿಗೆ ನನ್ನದೊಂದು ಬೇಡಿಕೆ: ನಾಚಿಕೊಳ್ಳದೆ ಹೋಲಿಕೆ ಮಾಡಿ. ಮೆನು ಎಡಮೂಲೆಯಲ್ಲೇ ಇರಲಿ, ಕಗಪ ಕೀಲಿಮಣೆ ಮೊದಲ ದಿನದಿಂದಲೇ ತೆರೆದಿರಲಿ, ಪ್ರಿಂಟರ್ ಸಿಕ್ಕಿಸಿದ ಕೂಡಲೇ ಕಾಗದ ಹೊರಬರಲಿ.

ಆ ರಾತ್ರಿ ಫೋನಿನಲ್ಲಿ ನಾನು ಅತ್ತೆಗೆ ಹೇಳಿದೆ: "ಕದ್ದದ್ದು ಯಾವುದೂ ನಿಮ್ಮ ಮನೆಯಲ್ಲಿಲ್ಲ, ನಿಶ್ಚಿಂತೆಯಿಂದ ಬರೆಯಿರಿ." ಓದುಗರಿಗೂ ಅದನ್ನೇ ಹೇಳುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಗುಜರಿಯವನನ್ನು ಕರೆಯಬೇಡಿ. ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ ನೋಡಬಹುದು, ಒಳಗಿರುವುದನ್ನು ಅಳಿಸಬೇಕಾಗಿಯೂ ಇಲ್ಲ. ನೋಡಿ, ಸರಿಯೆನಿಸಿದರೆ ಹಾಕಿಕೊಳ್ಳಿ, ಮನೆಯ ಹಿರಿಯರೊಬ್ಬರನ್ನು ಅದರ ಮುಂದೆ ಕೂರಿಸಿ.